ಇವರು ಕೇಸಡಿಯಾ ಮಾಡಲು ನಿಂತರೆ

ಮೊನ್ನೆ ಬೇಳೆಸಾರಿಗೆ ಒಗ್ಗರಣೆ ಹಾಕಲೆಂದು ಸಾಸಿವೆ ಡಬ್ಬಿ ತೆಗೆದರೆ ಅದರಲ್ಲಿ ಒರೆಗಾನೋ ಇತ್ತು. ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಕೈಯಲ್ಲಿ ಹಸಿರು ಹೊಟ್ಟಿನಂಥ ಆ ಪುಡಿ. ಸಾಸಿವೆ ಎಲ್ಲಿ ಹೋಯಿತು? ಜೀರಿಗೆ ಡಬ್ಬಿಗೆ. ಜೀರಿಗೆ ಎಲ್ಲಿ ಹೋಯಿತು? ಅದು ಇನ್ನೂ ಸಿಕ್ಕಿಲ್ಲ. ಇಷ್ಟು ಜನರನ್ನು ಗುಳೆ ಎಬ್ಬಿಸಿದ ಮನುಷ್ಯ ಹಾಲ್‌ನಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಪೇಪರ್ ಓದುತ್ತಿದ್ದರು.

"ಒಗ್ಗರಣಿಗೆ ಏನ ಹಾಕ್ಲಿ ಈಗ?" ಎಂದು ಕೂಗಿದೆ.

"ಅದನ್ನೇ ಹಾಕ. ಛಲೋ ಆಗತೈತಿ."

ಹಾಕಿದೆ. ಸಿಟ್ಟಿನಲ್ಲೇ ಹಾಕಿದೆ. ಮಧ್ಯಾಹ್ನ ಶಾಲೆಯಲ್ಲಿ ಡಬ್ಬಿ ತೆರೆದಾಗ ಪಕ್ಕದಲ್ಲಿ ಕೂತಿದ್ದ ಟೀಚರು ಮೂಗರಳಿಸಿ, "ಮ್ಯಾಡಮ್, ಪಿಜ್ಜಾ ಆಣ್ಲಾ ಕಾ?" ಎಂದರು. ಪಿಜ್ಜಾ ತಂದಿದ್ದೀರಾ ಅಂತ. ತೊಗರಿಬೇಳೆ ಸಾರಿಗೆ ಬಂದ ಗತಿ ಇದು.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಿವರು ಎಂದು ಕೇಳಬೇಡಿ. ನಾನು ಠಾಣೆಯ ಶಾಲೆಯೊಂದರಲ್ಲಿ ಕ್ಲಾರ್ಕ್. ಮನೆ ನೆರೂಳಿನಲ್ಲಿ. 'ಇವರು' ಅಂದರೆ ನನ್ನ ಗಂಡ ಬಸವರಾಜ. ಹೆಸರನ್ನು ಬರೆಯಲು ನನಗೆ ಅಡ್ಡಿಯಿಲ್ಲ, ಬಾಯಿಬಿಟ್ಟು ಕರೆಯಲು ಮಾತ್ರ ಇಪ್ಪತ್ತೇಳು ವರ್ಷವಾದರೂ ನಾಲಿಗೆ ಏಳುವುದಿಲ್ಲ. ಮಗಳು ಸ್ಮಿತಾ ಐರೋಳಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ನಮ್ಮ ವಿಜಯಪುರದ ಕನ್ನಡ ಪೂರ್ತಿ ತಿಳಿಯುತ್ತದೆ, ನಾವು ಗುಟ್ಟಾಗಿ ಆಡಿದ್ದು ಕೂಡ. ಉತ್ತರ ಮಾತ್ರ ಹಿಂದಿಯಲ್ಲೇ ಬರುವುದು. ಈ ಮೂವರ ಮನೆಯಲ್ಲಿ ನಾಲ್ಕನೆಯದಾಗಿ ಬಂದು ಸೇರಿಕೊಂಡದ್ದು ಕೇಸಡಿಯಾ.

ನೀವು ತಿಂದಿರಬಹುದು. ತಿಂದಿಲ್ಲದಿದ್ದರೆ ಕೇಳಿ. ಮೈದಾ ಹಿಟ್ಟಿನ ತೆಳ್ಳನೆಯ ಒಂದು ರೊಟ್ಟಿ. ಅದರ ಅರ್ಧಕ್ಕೆ ಚೀಸ್ ತುರಿದು ಹಾಕಿ, ಮೇಲೆ ಬೇಯಿಸಿ ಹಿಸುಕಿದ ರಾಜ್ಮಾ, ಹುರಿದ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಮೆಕ್ಕೆಜೋಳದ ಕಾಳು ಹರಡಿ, ಇನ್ನಷ್ಟು ಚೀಸ್ ಉದುರಿಸಿ, ಉಳಿದರ್ಧವನ್ನು ಅದರ ಮೇಲೆ ಮಡಚಿ, ತವೆಯ ಮೇಲೆ ಬೆಣ್ಣೆ ಸವರಿ ಎರಡೂ ಮಗ್ಗುಲು ಕೆಂಪಗೆ ಸುಡಬೇಕು. ಮೂರು ತುಂಡು ಮಾಡಿ ತಿನ್ನಬೇಕು. ತಿನ್ನಲು ರುಚಿಯಾಗಿಯೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ನನ್ನ ತಕರಾರು ತಿಂಡಿಯ ಮೇಲಲ್ಲ. ಇವರು ನೋಡುವ ವಿಡಿಯೋದವನು ಶುರುವಿನಲ್ಲೇ ಹಲ್ಲು ಬಿಟ್ಟು ಹೇಳುತ್ತಾನಲ್ಲ, "ಬಹಳ ಸುಲಭ, ಬರೀ ಹದಿನೈದೇ ನಿಮಿಷ" ಎಂದು, ತಕರಾರು ಆ ಮಾತಿನ ಮೇಲೆ.

"ಹದಿನೈದ ಮಿನಿಟ ಅಂವಗ್ರಿ, ಆ ವಿಡಿಯೋದಾಂವಗ. ಅಂವಾ ಉಳ್ಳಾಗಡ್ಡಿ ಹೆಚ್ಚಿ ಬಟ್ಟಲದಾಗ ಇಟಗೊಂಡೇ ನಿಂತಿರತಾನ. ರಾಜ್ಮಾ ಯಾರು ನೆನಿ ಹಾಕ್ಯಾರು? ಅವರವ್ವ ಹಾಕಿರತಾಳ," ಎಂದು ನಾನು ಎಷ್ಟು ಸಲ ಹೇಳಿದ್ದೇನೆ!

"ಎರಡನೇ ಸಲ ಮಾಡಿದಾಗ ಹದಿನೈದs ಆಗತೈತಿ," ಎನ್ನುತ್ತಾರೆ. ಎರಡನೆಯ ಸಲವಲ್ಲ, ಇಪ್ಪತ್ತೆರಡನೆಯ ಸಲವೂ ಆಗಿಹೋಗಿದೆ. ಇವರು ಅಡುಗೆಮನೆಗೆ ಹೋದರೆ ಎರಡು ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹೊರಗೆ ಬಂದಾಗ ಮೂವರು ತಿನ್ನುವಷ್ಟು ಕೇಸಡಿಯಾ ತಟ್ಟೆಯಲ್ಲಿರುತ್ತದೆ. ಒಳಗೆ ಸಿಂಕಿನಲ್ಲಿ ಕುಕ್ಕರು, ಎರಡು ಬಾಣಲೆ, ಮೂರು ಬೋಗುಣಿ, ತುರಿಯುವ ಮಣೆ, ಎಲ್ಲ ಚಮಚಗಳು, ಯಾಕೆಂದು ಈವರೆಗೆ ತಿಳಿಯದ ಒಂದು ಚಹಾ ಸೋಸುವ ಜಾಲರಿ. ತವೆಗೆ ಅಂಟಿಕೊಂಡ ಚೀಸನ್ನು ನೀವು ಯಾವಾಗಲಾದರೂ ಕೆರೆದಿದ್ದೀರಾ? ಗೋಡೆಯ ಪೇಂಟು ಕೆರೆಯುವುದು ಅದಕ್ಕಿಂತ ಹಗುರ.

ಇವರು ಇಪ್ಪತ್ತಾರು ವರ್ಷ ತುರ್ಭೆಯ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡಿದವರು. ಪಂಪಿನ ಭಾಗಗಳನ್ನು ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಕಡೆಯುವ ಕೆಲಸ. ಆ ಅಭ್ಯಾಸವನ್ನು ದೊಣ್ಣೆಮೆಣಸಿನಕಾಯಿಯ ಮೇಲೆ ತೋರಿಸುತ್ತಾರೆ. ಒಂದು ದಿನ ನೋಡುತ್ತೇನೆ, ಸ್ಟೀಲಿನ ಅಳತೆಪಟ್ಟಿ ಹಿಡಿದು ಹೆಚ್ಚಿದ ತುಂಡುಗಳನ್ನು ಅಳೆಯುತ್ತಿದ್ದಾರೆ.

"ಏನ ಮಾಡಾಕತ್ತೀರಿ?"

"ಇದೊಂದ ದಪ್ಪ ಆಗೇತಿ. ದಪ್ಪ ತುಂಡ ಒಳಗ ಹ್ವಾದರ ಮಡಚಿದಾಗ ಗ್ಯಾಪ್ ಉಳಿತೈತಿ. ಗ್ಯಾಪ್ ಉಳಿದರ ಚೀಸ್ ಹೊರಗ ಬರತೈತಿ. ಹೊರಗ ಬಂದರ ತವಾ ಹತ್ತತೈತಿ."

"ಹತ್ತಿದ ತವಾ ತಿಕ್ಕಾವ್ರು ಯಾರು?"

ದಪ್ಪಗಿದ್ದ ತುಂಡನ್ನು ನನ್ನ ಬಾಯಿಗೆ ಹಾಕಿ ಕಳಿಸಿದರು.

ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ವನಜಕ್ಕ ಇದ್ದಾರೆ. ಮೊದಲ ಸಲ ಬೆಣ್ಣೆ ಸೀದು ಮನೆತುಂಬ ಹೊಗೆಯಾದಾಗ ದಡದಡನೆ ಇಳಿದು ಬಂದರು. "ಎಂಥ ಮಾರಾಯ್ರೆ, ಕರೆಂಟಿನ ವಯರು ಸುಟ್ಟಿತಾ?" ಎಂದರು. ಇವರು ತವೆಯ ಮುಂದಿನಿಂದ ಕದಲದೆ, "ಇಲ್ರಿ ಅಕ್ಕಾರ, ಕ್ವೆಸಡಿಲ್ಲಾ," ಎಂದರು. ಒಳಗಿಂದ ಸ್ಮಿತಾ, "ಪಪ್ಪಾ, ಕೇಸಡಿಯಾ! ಎಲ್ ಸೈಲೆಂಟ್ ಹೈ!" ಎಂದು ಕಿರುಚಿದಳು. ಎರಡೆರಡು ಎಲ್ ಬರೆದು ಒಂದನ್ನೂ ಓದಬಾರದು ಎನ್ನುವ ಭಾಷೆ ಯಾವುದಿರಬಹುದೆಂದು ನಾನು ಯೋಚಿಸುತ್ತಿರುವಾಗ ವನಜಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕೇಸರಿಬಾತಾ? ಅದಕ್ಕೆ ಇಷ್ಟು ಹೊಗೆ ಯಾಕೆ?" ಎಂದರು. ಇವತ್ತಿಗೂ ಅವರ ಬಾಯಲ್ಲಿ ಅದು ಕೇಸರಿಬಾತೇ. "ಭಾವ ಇವತ್ತು ಕೇಸರಿಬಾತು ಮಾಡ್ಲಿಲ್ವಾ?" ಎಂದು ಲಿಫ್ಟಿನಲ್ಲಿ ಕೇಳುತ್ತಾರೆ.

ಈ ಮಡಚಿದ ರೊಟ್ಟಿಯನ್ನು ಮೊದಲು ನೋಡಿದಾಗ ನನಗೆ ಅವ್ವನ ನೆನಪಾಗಿತ್ತು. ಸಿಂದಗಿ ಕಡೆಯ ನಮ್ಮೂರಿನಲ್ಲಿ ಬೆಳಗಿನ ಹೊತ್ತು ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದರೆ ನಾನು ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಒಲೆಯ ಪಕ್ಕ ಕಾಯುತ್ತಿದ್ದೆ. ಹಂಚಿನಿಂದ ತೆಗೆದ ರೊಟ್ಟಿಯ ಮೇಲೆ ಗುರೆಳ್ಳು ಹಿಂಡಿ ಉದುರಿಸಿ, ಎಣ್ಣೆ ಬಿಟ್ಟು, ಬಿಸಿ ಆರುವ ಮುಂಚೆ ಅರ್ಧಕ್ಕೆ ಮಡಚಿ ಕೈಗೆ ಹಾಕುತ್ತಿದ್ದಳು. ಮಡಚಿದಲ್ಲಿ ರೊಟ್ಟಿ ಸೀಳಿ ಎಣ್ಣೆ ಮೊಣಕೈತನಕ ಇಳಿಯುತ್ತಿತ್ತು. ಹಿಂಡಿಯ ಬಣ್ಣ ಪಾಟಿಗೆ ಹತ್ತಿ ಮಾಸ್ತರರ ಕೈಯಲ್ಲಿ ಬೈಸಿಕೊಂಡದ್ದೂ ಇದೆ. ಇದನ್ನೆಲ್ಲ ಇವರಿಗೆ ಹೇಳಿ, "ಇದು ನಮ್ಮವ್ವ ಮಾಡತಿದ್ದದ್ದs ನೋಡ್ರಿ," ಎಂದೆ. ಕಣ್ಣಲ್ಲಿ ಸ್ವಲ್ಪ ನೀರೂ ಬಂದಿತ್ತು ಎನ್ನಿ. ಇವರು ತಲೆಯೆತ್ತದೆ, "ಅದರಾಗ ಚೀಸ್ ಎಲ್ಲಿತ್ತು?" ಎಂದರು.

ಹೀಗೆ ಮಾತಿಗೆ ಮಾತು ಕೊಡುವುದು ಇವರ ಹಳೆಯ ಚಾಳಿ. ಮದುವೆಯಾಗಿ ತುರ್ಭೆಯ ಒಂದೇ ಕೋಣೆಯ ಮನೆಗೆ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವ್ವ ಬಡಿದದ್ದನ್ನು ತಿನ್ನಲು ಮಾತ್ರ ಬರುತ್ತಿತ್ತು. ನಾನು ಬಡಿದರೆ ಒಂದು ಕಡೆ ದಪ್ಪ, ಒಂದು ಕಡೆ ತೂತು. ಇವರು ಅದನ್ನು ಎರಡೂ ಕೈಯಲ್ಲಿ ಬೆಳಕಿಗೆ ಹಿಡಿದು, "ಭಾರತದ ನಕಾಶ ಬರೋಬ್ಬರಿ ಬಂದೈತಿ, ಶ್ರೀಲಂಕಾ ಒಂದ ಬಿಟ್ಟಿ," ಎನ್ನುತ್ತಿದ್ದರು. ಉಪ್ಪು ಒಂದು ಹರಳು ಹೆಚ್ಚಾದರೂ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನನಗೆ ರೇಗಿ ಹೋಗುತ್ತಿತ್ತು. ಈ ಮನುಷ್ಯ ಬಾಯಿ ಮುಚ್ಚಿಕೊಂಡು ಊಟ ಮಾಡುವ ದಿನ ಬರಲಪ್ಪ ಎಂದು ಬೇಡಿಕೊಂಡದ್ದೂ ಉಂಟು.

ಆ ದಿನ ಬಂತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ನೋಟೀಸು ಅಂಟಿಸಿದ್ದರು. ಮಶೀನುಗಳನ್ನು ಬಿಚ್ಚಿ ಲಾರಿಗೆ ಹಾಕಿ ಗುಜರಾತಿಗೆ ಒಯ್ದರು. ಇವರು ಮನೆಗೆ ಬಂದು ಬಾಲ್ಕನಿಯ ಕುರ್ಚಿಯಲ್ಲಿ ಕೂತರು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಯಾರೋ ಏನನ್ನೋ ಕೊಡುತ್ತಾರೆಂದು ಕಾಯುವವರ ಹಾಗೆ. ಕೇಳಿದ್ದಕ್ಕೆ ಹ್ಞೂ, ಊಹ್ಞೂ. ಅಷ್ಟೇ. ಒಂದು ತಿಂಗಳು, ಎರಡು ತಿಂಗಳು. ನಾನು ಬೆಳಿಗ್ಗೆ ಚಹಾ ಕೊಟ್ಟು ಠಾಣೆಗೆ ಹೋಗಿ ಸಂಜೆ ಬಂದರೆ ಅದೇ ಕುರ್ಚಿ, ಅದೇ ಕೈ.

ಒಂದು ದಿನ ಬೇಕೆಂದೇ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಒಂದು ಹರಳೂ ಹಾಕಲಿಲ್ಲ. ಬಡಿಸಿ ಎದುರಿಗೇ ಕೂತೆ. ಈಗ ಅಂತಾರೆ, ಈಗ ಅಂತಾರೆ ಎಂದು ಕಾದೆ. ಇವರು ಎಲ್ಲವನ್ನೂ ತಿಂದು, ತಟ್ಟೆ ತೊಳೆದಿಟ್ಟು, ಎದ್ದು ಹೋದರು. ಮರುದಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂತವಳು ತುರ್ಭೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಎದುರಿಗಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ, ಅದಕ್ಕೇ ಅಳುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ?

ಏಳು ತಿಂಗಳು ಹೀಗೇ ಹೋಯಿತು. ಒಂದು ಭಾನುವಾರ ಸ್ಮಿತಾ ಹೊರಗಿನಿಂದ ಏನೋ ತರಿಸಿದಳು. ಇವರಿಗೂ ಒಂದು ತುಂಡು ಕೊಟ್ಟಳು. ಒಂದು ಸಲ ಕಚ್ಚಿದವರು ನಿಲ್ಲಿಸಿ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಡ್ಡಡ್ಡವಾಗಿ ಹಿಡಿದು ನೋಡಿದರು. ನಾನೂ ಸ್ಮಿತಾಳೂ ತಿನ್ನುವುದನ್ನು ಬಿಟ್ಟು ಇವರನ್ನೇ ನೋಡಿದೆವು.

"ಇದರ ಅಂಚ ಬರೋಬ್ಬರಿ ಕೂಡಿಲ್ಲ," ಎಂದರು. "ನಾ ಮಾಡಿದ್ರ ಹಿಂಗ ಬಿಡತಿದ್ದಿಲ್ಲ."

ಯಾರೂ ಕೇಳದೆ ತಾವಾಗಿ ಆಡಿದ ಮಾತು. ಮರುದಿನವೇ ನಾನು ಮೈದಾ, ಚೀಸ್, ರಾಜ್ಮಾ ಎಲ್ಲ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಕೆಲಸಕ್ಕೆ ಹೋದೆ. ಅಂದರೆ, ನನ್ನ ಅಡುಗೆಮನೆಯ ಕೀಲಿಯನ್ನು ನಾನೇ ಕೈಯಾರೆ ಒಪ್ಪಿಸಿದವಳು. ಈಗ ಸಾಸಿವೆ ಸಿಗದಿದ್ದರೆ ಯಾರನ್ನು ಬಯ್ಯಲಿ ಹೇಳಿ? ಬಯ್ಯುತ್ತೇನೆ, ಅದು ಬೇರೆ ಮಾತು. ಆದರೆ ಮನಸ್ಸು ಬಿಚ್ಚಿ ಬಯ್ಯಲಾಗುವುದಿಲ್ಲ. ಅರ್ಧ ಬಯ್ದು ಅರ್ಧ ನುಂಗಿಕೊಳ್ಳಬೇಕು. ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಕಲ್ಯಾಣದವರು ಬರುತ್ತೇವೆಂದಾಗ ಮಾತ್ರ ತಾಳ್ಮೆ ಕಳೆದುಕೊಂಡೆ.

ಸ್ಮಿತಾ ಮತ್ತು ಅವಳ ಆಫೀಸಿನ ರೋಹಿತ್ ಮದುವೆಯಾಗುತ್ತೇವೆ ಎಂದು ಹೇಳಿ ಒಂದು ವರ್ಷವಾಗಿತ್ತು. ನಮಗೆ ಹುಡುಗ ಹಿಡಿಸಿದ್ದ. ಅವನ ತಂದೆತಾಯಿ ಕಲ್ಯಾಣದ ಮರಾಠಿ ಜನ. ತಾಯಿಗೆ ತಮ್ಮ ಭಾಷೆಯ, ತಮ್ಮವರ ಪೈಕಿಯ ಹುಡುಗಿಯೇ ಬೇಕಿತ್ತು. ತಿಂಗಳುಗಟ್ಟಲೆ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಕೊನೆಗೆ, ಒಂದು ಸಲ ಹೋಗಿ ಮನೆ ನೋಡಿ ಬರುತ್ತೇವೆ, ಆಮೇಲೆ ಹೇಳುತ್ತೇವೆ ಎಂದಿದ್ದರು. ಸ್ಮಿತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ತಾಯಿಯ ಹೆಸರು ಸುಲಭಾತಾಯಿ ಎಂದು ಕೇಳಿದಾಗಲೇ ನನಗೆ ದಿಗಿಲಾಯಿತು. ಸುಲಭ ಎಂದು ಬೋರ್ಡು ಹಾಕಿಕೊಂಡ ಯಾವುದನ್ನೂ ನಾನು ನಂಬುವುದನ್ನು ಬಿಟ್ಟಿದ್ದೆ.

ನಾನು ಹೋಳಿಗೆ, ಎಣ್ಣೆಗಾಯಿ, ರೊಟ್ಟಿ, ಕೋಸಂಬರಿ ಎಂದು ಪಟ್ಟಿ ಹಾಕುತ್ತಿದ್ದೆ. ಇವರು ಹಿಂದೆ ಬಂದು ನಿಂತು, "ಕೇಸಡಿಯಾ ನಾ ಮಾಡತೀನಿ," ಎಂದರು.

"ಬೀಗರಾಗವ್ರ ಮುಂದ ಯಾರರೆ ಕೇಸಡಿಯಾ ಇಡತಾರೇನ್ರಿ?"

"ಹೋಳಿಗಿ ಅವರ ಮನ್ಯಾಗೂ ಮಾಡತಾರ. ನಿನ್ನ ಹೋಳಿಗಿ ಮುಂದಿಟ್ಟರ ತಪ್ಪ ಹುಡುಕತಾರ. ಕೇಸಡಿಯಾದಾಗ ತಪ್ಪ ಎಲ್ಲಿರತೈತಿ ಅಂತ ಅವರಿಗೆ ಗೊತ್ತs ಇರಂಗಿಲ್ಲ."

ಸ್ಮಿತಾ ಓಡಿ ಬಂದಳು. "ಮಮ್ಮಿ, ಪ್ಲೀಸ್, ಪಪ್ಪಾ ಕೋ ಸಮಝಾವೋ ನಾ! ಆಂಟಿ ಕ್ಯಾ ಸೋಚೇಂಗಿ?" ರೋಹಿತನ ಅಮ್ಮ ಏನು ಅಂದುಕೊಂಡಾರು ಎಂಬ ಚಿಂತೆ ಅವಳಿಗೆ.

"ಏನೂ ಸೋಚಂಗಿಲ್ಲ, ತಿಂತಾರ," ಎಂದರು ಇವರು.

ಕೊನೆಗೆ ನಾನೇ ಪಟ್ಟು ಸಡಿಲಿಸಿದೆ. "ಆತು, ಎರಡೂ ಇರಲಿ. ಆದರ ಮೊದಲೇ ಮಾಡಿ ಮುಚ್ಚಿಡ್ರಿ. ಅವರು ಬಂದ ಮ್ಯಾಲ ನೀವು ಹಾಲ್‌ನ್ಯಾಗ ಕುಂದರಬೇಕು. ಹುಡುಗಿ ಅಪ್ಪ ಒಲಿ ಮುಂದ ನಿಂತರ ಹೆಂಗ?"

"ಆರಿದರ ಚೀಸ್ ರಬ್ಬರ್ ಆಗತೈತಿ. ಬಿಸಿ ಬಿಸಿ ಕೊಡಬೇಕು."

"ಹಂಗಾರ ನಾ ಸುಟ್ಟು ಕೊಡತೀನಿ. ನೀವು ಕುಂದರ್ರಿ."

"ನಿನಗ ಉರಿ ತಿಳಿಯಂಗಿಲ್ಲ."

ಇಪ್ಪತ್ತೇಳು ವರ್ಷ ಈ ಮನೆಯ ಒಲೆ ಹಚ್ಚಿದವಳಿಗೆ ಉರಿ ತಿಳಿಯುವುದಿಲ್ಲ! ನನ್ನ ದನಿ ಏರಿತು. ಕೈಯಲ್ಲಿದ್ದ ಪಟ್ಟಿಯನ್ನು ಮುದ್ದೆ ಮಾಡಿ ಎಸೆದೆ. "ಅಲ್ರಿ, ಮಗಳ ಲಗ್ನಕ್ಕಿಂತ ನಿಮಗ ಆ ಸುಟ್ಟ ಕೇಸಡಿಯಾ ದೊಡ್ಡದಾತೇನು? ಒಂದs ಒಂದ ದಿನ ಬಂದವರ ಎದುರು ನಾಲ್ಕ ಮಾತಾಡಿಕೋತ ಕುಂದರಾಕ ನಿಮಗ ಏನಾಗೇತಿ?"

ಇವರು ಆಗಲೇ ಒರೆಸಿದ್ದ ಕಟ್ಟೆಯನ್ನು ಇನ್ನೊಂದು ಸಲ ಒರೆಸಿದರು. ಮೂಲೆಯನ್ನು ಬೆರಳಿನಿಂದ ಉಜ್ಜಿದರು.

"ಕೇಳತಾರಲ್ಲ," ಎಂದರು.

"ಏನ ಕೇಳತಾರ?"

"ನೀವು ಏನ ಮಾಡತೀರಿ ಅಂತ." ಬಟ್ಟೆಯನ್ನು ಹಿಂಡಿ, ಕೊಡವಿ, ನಲ್ಲಿಯ ಮೇಲೆ ಹಾಕಿದರು. "ಹಾಲ್‌ನ್ಯಾಗ ಕುಂತಾವನ್ನ ಎಲ್ಲಾರೂ ಕೇಳತಾರ. ಒಲಿ ಮುಂದ ನಿಂತಾವನ್ನ ಯಾರೂ ಕೇಳಂಗಿಲ್ಲ."

ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ. ವನಜಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿರಲಿಲ್ಲ ಯಾಕೆ, ನನ್ನ ತಂಗಿಯ ಮಗನ ಹುಟ್ಟುಹಬ್ಬದಲ್ಲಿ ಹೊರಗೆ ಚಪ್ಪಲಿ ಕಾಯುವವರ ಹಾಗೆ ನಿಂತಿದ್ದರು ಯಾಕೆ, ಎಲ್ಲವೂ ಒಮ್ಮೆಗೇ ತಿಳಿಯಿತು. ಸ್ಟೂಲು ಹತ್ತಿ ಅಟ್ಟದ ಮೇಲಿನ ದೊಡ್ಡ ತವೆಯನ್ನು ಇಳಿಸಿ ಕೊಟ್ಟೆ. ಆ ತವೆಯಲ್ಲಿ ಒಮ್ಮೆಗೆ ಎರಡು ಸುಡಬಹುದು.

ಭಾನುವಾರ ಹನ್ನೆರಡಕ್ಕೆ ಕಲ್ಯಾಣದವರು ಬಂದರು. ಸುಲಭಾತಾಯಿ ಸಣಕಲು ಮೈಯವರು, ನೆಟ್ಟಗೆ ಕೂರುವವರು. ನೀರಿನ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟರು. ಶೋಕೇಸು, ಪರದೆ, ಫ್ಯಾನಿನ ರೆಕ್ಕೆ, ಒಂದೊಂದನ್ನೂ ನೋಡಿದರು. ಫ್ಯಾನಿನ ರೆಕ್ಕೆ ಒರೆಸಿರಲಿಲ್ಲ. ರೋಹಿತನ ತಂದೆ ಜೋಶಿಯವರು ಬ್ಯಾಂಕಿನಿಂದ ನಿವೃತ್ತರಾದ ಗುಂಡಗಿನ ಮನುಷ್ಯ, ಕೂತಲ್ಲಿ ಕೂರುವವರಲ್ಲ. ಸ್ಮಿತಾ ಮತ್ತು ರೋಹಿತ್ ಸೋಫಾದ ಎರಡು ತುದಿಗೆ ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಇವರು ಹೊರಗೆ ಬಂದು ಕೈಮುಗಿದು, "ಬಸಾ, ಬಸಾ, ಆಲೋಚ್," ಎಂದು ಹೇಳಿ ಒಳಗೆ ಹೋದವರು ಮತ್ತೆ ಬರಲಿಲ್ಲ. ಕೂತಿರಿ, ಬಂದೇಬಿಟ್ಟೆ ಎಂದಿದ್ದರು.

ಸುಲಭಾತಾಯಿ ಮರಾಠಿಯಲ್ಲಿ, "ಯಜಮಾನರು ಒಳಗೇನು ಮಾಡುತ್ತಿದ್ದಾರೆ?" ಎಂದು ಕೇಳಿದರು.

"ಅಡುಗೆ," ಎಂದೆ. ಅವರ ಹುಬ್ಬು ಏರಿತು. ಏರಿದ್ದು ಇಳಿಯಲಿಲ್ಲ.

ಅಷ್ಟರಲ್ಲಿ ಬೆಣ್ಣೆಯ ವಾಸನೆ ಹೊರಗೆ ಬಂತು. ಜೋಶಿಯವರು ಮೂಗೆತ್ತಿದರು, ಎದ್ದರು, ಯಾರನ್ನೂ ಕೇಳದೆ ನೇರವಾಗಿ ಅಡುಗೆಮನೆಗೆ ನಡೆದರು. ನಾನು ಹೋಳಿಗೆಯ ನೆಪ ಮಾಡಿಕೊಂಡು ಹಿಂದೆ ಓಡಿದೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅವರು ಕೇಳಿಯೇಬಿಟ್ಟಿದ್ದರು.

"ಮಗ್, ಸಧ್ಯಾ ಕಾಯ್ ಕರ್ತಾ ತುಮ್ಹೀ?"

ಈಗ ಏನು ಮಾಡುತ್ತೀರಿ ನೀವು. ಒಲೆ ಮುಂದೆ ನಿಂತವನನ್ನೂ ಕೇಳುತ್ತಾರೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಇವರ ಬೆನ್ನು ಮಾತ್ರ ಕಾಣುತ್ತಿತ್ತು. ಬಲಗೈ ಸಟ್ಟುಗವನ್ನು ಕೇಸಡಿಯಾದ ಕೆಳಗೆ ತೂರಿಸಿತ್ತು. ಅದನ್ನು ಮೆಲ್ಲಗೆ ಎತ್ತಿ, ಬುಡದ ಬಣ್ಣ ನೋಡಿ, ಮಗುಚಿ ಹಾಕಿದರು. ಚುಂಯ್ ಎಂದಿತು.

"ಕಂಪನಿ ಬಂದ್ ಝಾಲೀ," ಎಂದರು. "ದೋನ್ ವರ್ಷಂ ಝಾಲೀ. ಆತಾ ಕಾಮ್ ನಾಹೀ."

ಕಂಪನಿ ಮುಚ್ಚಿತು, ಎರಡು ವರ್ಷವಾಯಿತು, ಈಗ ಕೆಲಸವಿಲ್ಲ. ಮುಂದೆ ಒಂದು ಸಮಜಾಯಿಷಿ ಇಲ್ಲ, ಹಿಂದೆ ಒಂದು ನಿಟ್ಟುಸಿರಿಲ್ಲ. ಸಟ್ಟುಗದಿಂದ ಕೇಸಡಿಯಾದ ಅಂಚನ್ನು ಸುತ್ತಲೂ ಒತ್ತುತ್ತಿದ್ದರು.

ಜೋಶಿಯವರು ಬಗ್ಗಿ ತವೆಯನ್ನು ನೋಡಿದರು. "ಹ್ಯಾತ್ ಕಾಯ್ ಕಾಯ್ ಘಾತ್ಲಂಯ್?" ಎಂದರು.

ಇದರೊಳಗೆ ಏನೇನು ಹಾಕಿದ್ದೀರಿ ಅಂತ. ಅಷ್ಟೇ. ಎರಡು ವರ್ಷ ಈ ಮನುಷ್ಯ ಹೆದರಿ ಓಡಾಡಿದ ಪ್ರಶ್ನೆ ಬಂದು ಹೋಗಿತ್ತು, ಅದರ ಬೆನ್ನಿಗೆ ಬಂದದ್ದು ರಾಜ್ಮಾದ ವಿಚಾರ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಇವರು ಪಾಠ ಶುರು ಮಾಡಿದರು. ತರಕಾರಿಯನ್ನು ದೊಡ್ಡ ಉರಿಯಲ್ಲಿ ಹುರಿಯಬೇಕು, ನೀರು ಆರಬೇಕು. ಚೀಸ್ ಕೆಳಗೂ ಬೇಕು ಮೇಲೂ ಬೇಕು, ಅದೇ ಅಂಟು. ಮಡಚಿದ ಮೇಲೆ ಉರಿ ಸಣ್ಣಗಿರಬೇಕು. ಜೋಶಿಯವರು ನಿವೃತ್ತರಾಗಿ ಮೂರು ವರ್ಷವಾಯಿತು, ತನಗೆ ಚಹಾ ಮಾಡಲೂ ಬರುವುದಿಲ್ಲ, ಹೆಂಡತಿ ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ ಎಂದು ತೋಡಿಕೊಂಡರು. ಒಂದು ತಾನು ಮಗುಚುತ್ತೇನೆ ಎಂದರು. ಇವರು ಸಂತೋಷದಿಂದ ಸಟ್ಟುಗ ಕೊಟ್ಟರು. ಜೋಶಿಯವರು ಎತ್ತಿದರು. ಕೇಸಡಿಯಾ ಗಾಳಿಯಲ್ಲಿ ಬಿಚ್ಚಿಕೊಂಡಿತು. ಅರ್ಧ ತವೆಯ ಮೇಲೆ, ಅರ್ಧ ಇಸ್ತ್ರಿ ಮಾಡಿದ ಅವರ ಬಿಳಿ ಪ್ಯಾಂಟಿನ ಮೇಲೆ.

"ಅಯ್ಯೋ!" ಎಂದು ನಾನು ಕಿರುಚಿದ್ದಕ್ಕೆ ಹಾಲ್‌ನಿಂದ ಎಲ್ಲರೂ ಓಡಿ ಬಂದರು. ಸ್ಮಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜೋಶಿಯವರು ತೊಡೆಯ ಮೇಲಿನ ಚೀಸನ್ನು ಬೆರಳಿಂದ ಎಳೆಯುತ್ತಿದ್ದರು, ಅದು ದಾರದಂತೆ ಉದ್ದವಾಗುತ್ತಿತ್ತು. ಇವರು ಪಕ್ಕದಲ್ಲಿ ನಿಂತು, ಮಶೀನು ಕೆಟ್ಟದ್ದು ಯಾಕೆಂದು ನೋಡುವವರ ಗಂಭೀರತೆಯಲ್ಲಿ, "ಉಚಲಾಯ್‌ಚಂ ನಾಹೀ, ಸರಕವಾಯ್‌ಚಂ," ಎನ್ನುತ್ತಿದ್ದರು. ಎತ್ತಬಾರದು, ಸರಿಸಬೇಕು.

ಸುಲಭಾತಾಯಿ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು. ಸಿಂಕಿನಲ್ಲಿ ಬಿದ್ದಿದ್ದ ಪಾತ್ರೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಂದಾಗಿನಿಂದ ಮೊದಲ ಸಲ ಸರಿಯಾಗಿ ನೋಡಿದ್ದು ಅದು.

"ರೋಜ್ ಅಸಂಚ್?" ಎಂದು ಮೆಲ್ಲಗೆ ಕೇಳಿದರು. ದಿನಾ ಹೀಗೇನಾ?

"ರೋಜ್," ಎಂದೆ. ನನ್ನ ದನಿಯಲ್ಲಿ ಎರಡು ವರ್ಷದ್ದೆಲ್ಲ ಇತ್ತು.

"ನಮ್ಮ ಮನೆಯಲ್ಲಿ ಇವರು ನೀರಿನ ಲೋಟ ಕೂಡ ಎತ್ತುವುದಿಲ್ಲ. ಆದರೆ ನಾನು ಕೆಲಸ ಮಾಡುವಾಗ ಹಿಂದೆ ನಿಂತು ಪ್ರಶ್ನೆ ಕೇಳುತ್ತಾರೆ. ಇಡೀ ದಿನ," ಎಂದರು ಸುಲಭಾತಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಬಟ್ಟೆ ತೆಗೆದುಕೊಂಡು ಗಂಡನ ಪ್ಯಾಂಟು ತಿಕ್ಕಲು ಬಗ್ಗಿದರು. ತಿಕ್ಕುತ್ತ ತಿಕ್ಕುತ್ತ ಅವರ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೇನೋ ಎಂದು ನನಗೆ ಗಾಬರಿ. ನಗುತ್ತಿದ್ದರು.

ಊಟಕ್ಕೆ ಕೂತಾಗ ಸುಲಭಾತಾಯಿ ಕೇಸಡಿಯಾದ ಒಂದು ತುಂಡು ತಿಂದರು. ಇನ್ನೊಂದು ತುಂಡು ತೆಗೆದುಕೊಂಡರು. ಆಮೇಲೆ ನನ್ನ ಹೋಳಿಗೆಯನ್ನು ಮುರಿದು, ಒಳಗಿನ ಹೂರಣವನ್ನು ಬೆರಳಿನಿಂದ ಒತ್ತಿ ನೋಡಿ, "ಪುರಣ ಜರಾ ಸೈಲ್ ಝಾಲಂಯ್," ಎಂದರು. ಹೂರಣ ಸ್ವಲ್ಪ ಸಡಿಲಾಗಿದೆಯಂತೆ! ಎದುರಿಗೆ ಕೂತಿದ್ದ ಇವರು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಡಲೆಬೇಳೆ ಬೇಯಿಸಿದವಳು ನಾನು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಸುಲಭಾತಾಯಿ, "ಸಾಖರಪುಡ್ಯಾಚಂ ಬಘೂ ಮಗ. ಆಮ್ಚ್ಯಾಕಡೇ ಯಾ," ಎಂದರು. ನಿಶ್ಚಿತಾರ್ಥದ ವಿಚಾರ ನೋಡೋಣ, ನಮ್ಮ ಮನೆಗೆ ಬನ್ನಿ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೂ ಸ್ಮಿತಾಗೆ ನಂಬಿಕೆಯಿಲ್ಲ. "ಮಮ್ಮಿ, ಮತ್ಲಬ್ ಹಾಂ ಬೋಲಾ ನಾ? ಹಾಂ ಹೀ ಬೋಲಾ ನಾ?" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಹೌದೇ, ಹೌದು ಎಂದೇ ಹೇಳಿದರು ಎಂದೆ. ಅವಳು ಅಪ್ಪನ ಕೊರಳಿಗೆ ಜೋತುಬಿದ್ದಳು. ಹೋಳಿಗೆ ಮಾಡಿದವಳು ಪಕ್ಕದಲ್ಲೇ ನಿಂತಿದ್ದೆ.

ಸಂಜೆ ಪಾತ್ರೆ ತೊಳೆಯುತ್ತ ನಾನೇ ಮಾತು ತೆಗೆದೆ. ಇವರು ಒರೆಸಿ ಇಡುತ್ತಿದ್ದರು.

"ಕೇಳಿದರಲ್ಲ ಅವರು?"

"ಹ್ಞೂ."

"ಹೇಳೇಬಿಟ್ರಿ."

"ಹ್ಞೂ." ಒಂದು ತಟ್ಟೆಯ ಎರಡೂ ಬದಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇಟ್ಟರು. "ಕೈಯಾಗ ಕೆಲಸ ಇತ್ತು ನೋಡು. ಬಾಯಿಂದ ತಾನs ಬಂತು."

ಸೋಮವಾರ ಬೆಳಿಗ್ಗೆ ನಾನು ಸೀರೆಯ ನೆರಿಗೆ ಹಿಡಿಯುತ್ತಿರುವಾಗ ನನ್ನ ಫೋನು ರಿಂಗಾಯಿತು. ಸುಲಭಾತಾಯಿ. ಮನಸ್ಸು ಬದಲಾಯಿಸಿದರೋ ಏನೋ ಎಂದುಕೊಂಡೆ. ಹಾಗೇನಿಲ್ಲ. ಅವರ ಗಂಡ ಎದ್ದವರೇ ಮೈದಾ ಕಲಸಿಕೊಂಡು ಕೂತಿದ್ದಾರಂತೆ, ರೊಟ್ಟಿ ಲಟ್ಟಿಸಿದರೆ ರಬ್ಬರಿನಂತೆ ಹಿಂದಕ್ಕೆ ಸರಿಯುತ್ತಿದೆಯಂತೆ. "ನಿಮ್ಮವರಿಗೆ ಸ್ವಲ್ಪ ಕೊಡಿ, ನನಗಂತೂ ತಲೆ ಕೆಟ್ಟಿದೆ," ಎಂದರು. ಕೊಟ್ಟೆ.

ಇವರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎದ್ದು ನಿಂತರು. ಹಿಟ್ಟಿಗೆ ನೀರು ಎಷ್ಟು, ಎಣ್ಣೆ ಎಷ್ಟು, ಎಷ್ಟು ಹೊತ್ತು ಒದ್ದೆ ಬಟ್ಟೆ ಮುಚ್ಚಿಡಬೇಕು. ಕೈಗಳೆರಡೂ ಗಾಳಿಯಲ್ಲಿ ಇಲ್ಲದ ಹಿಟ್ಟನ್ನು ನಾದುತ್ತಿದ್ದವು. ನಾನು ಡಬ್ಬಿ ಕಟ್ಟಿಕೊಂಡೆ. ಚೀಲ ಹೆಗಲಿಗೆ ಹಾಕಿಕೊಂಡೆ. ಗಡಿಯಾರ ತೋರಿಸಿದೆ. ಫೋನು ಕೊಡಿ ಎಂದು ಕೈಸನ್ನೆ ಮಾಡಿದೆ. ಇವರು ನನಗೇ ತಡೆ ಎಂದು ಕೈ ತೋರಿಸಿ, ಬೆನ್ನು ತಿರುಗಿಸಿ, "ನಾಹೀ ನಾಹೀ ಜೋಶೀಸಾಹೇಬ್, ಘಾಯೀ ನಾಹೀ ಕರಾಯ್‌ಚೀ," ಎಂದರು. ಅವಸರ ಮಾಡಬಾರದಂತೆ.

ಅದು ನನ್ನ ಫೋನು. ರೈಲಿನ ಪಾಸು ಅದರಲ್ಲಿತ್ತು, ಶಾಲೆಯವರ ಮೆಸೇಜುಗಳೆಲ್ಲ ಅದರಲ್ಲೇ ಬರುವುದು. ಬಾಗಿಲಲ್ಲಿ ನಿಂತು ಇನ್ನೊಂದು ನಿಮಿಷ ಕಾದೆ. ಇವರು ಈಗ ಉರಿಯ ವಿಷಯಕ್ಕೆ ಬಂದಿದ್ದರು. ಅದು ಸದ್ಯಕ್ಕೆ ಮುಗಿಯುವ ವಿಷಯವಲ್ಲ. ಟಿಕೆಟ್ಟಿಗೆ ಕ್ಯೂ ನಿಲ್ಲಬೇಕಲ್ಲ ಎಂದು ಹಲ್ಲು ಕಡಿಯುತ್ತ ಚಪ್ಪಲಿ ಮೆಟ್ಟಿಕೊಂಡೆ, ಮಾತು ತುಂಡಾಗದ ಹಾಗೆ ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡೆ.